ಕುದುರೆಮುಖದ ಮಳೆಯಲ್ಲಿ ಸೋತ ಜಾಕೆಟ್

ಆಗಸ್ಟ್ ತಿಂಗಳಲ್ಲಿ ಕುದುರೆಮುಖ ಏರಲು ಮಂಗಳೂರಿನಿಂದ ಹೊರಟಾಗ, ಅರಣ್ಯ ಇಲಾಖೆಯ ಅನುಮತಿ ಪತ್ರದಿಂದ ಹಿಡಿದು ಉಂಬಳಕ್ಕೆಂದು ಕಟ್ಟಿಕೊಂಡ ಉಪ್ಪಿನ ಪೊಟ್ಟಣದವರೆಗೆ ಎಲ್ಲವನ್ನೂ ಎರಡೆರಡು ಸಲ ನೋಡಿಕೊಂಡಿದ್ದ ನಾನು, ಮೂರು ವರ್ಷದ ಹಿಂದೆ ಎಂಟು ಸಾವಿರ ರೂಪಾಯಿ ಕೊಟ್ಟು ಕೊಂಡಿದ್ದ ವಾಟರ್‌ಪ್ರೂಫ್ ಜಾಕೆಟನ್ನು ಮಾತ್ರ ಬಿಡಿಸಿಯೂ ನೋಡದೆ ಚೀಲಕ್ಕೆ ತುರುಕಿದ್ದೆ. ಮುಳ್ಳೋಡಿಯಿಂದ ನಡೆಯತೊಡಗಿ ಒಂಟಿಮರ ತಲುಪುವಷ್ಟರಲ್ಲಿ ಎರಡೂ ಹೆಗಲು ತೊಯ್ದಿದ್ದವು. ಮುಂದಿನ ಬೋಳು ಹುಲ್ಲುಗುಡ್ಡಗಳ ಮೇಲೆ ಗಾಳಿಯು ಮಳೆಯನ್ನು ಅಡ್ಡಲಾಗಿ ಬೀಸಿ ಹೊಡೆಯುತ್ತಿದ್ದುದರಿಂದ, 1,894 ಮೀಟರ್ ಎತ್ತರದ ತುದಿಯಲ್ಲಿ ಬುತ್ತಿಯನ್ನೂ ಬಿಚ್ಚದೆ ನಡುಗುತ್ತ ಇಳಿದೆ.

ಸಂಜೆ ಹೋಮ್‌ಸ್ಟೇಯಲ್ಲಿ ಜಾಕೆಟನ್ನು ಒಳಮಗ್ಗುಲಾಗಿ ತಿರುಗಿಸಿದಾಗ ಕಾರಣ ಕಂಡಿತು: ಒಳಗಿನ ತೆಳುಪದರ ಹಳೆಯ ಗೋಡೆಯ ಸುಣ್ಣದಂತೆ ಹಕ್ಕಳೆ ಎದ್ದಿತ್ತು, ಹೆಗಲಿನ ಹೊಲಿಗೆಯ ಮೇಲೆ ಅಂಟಿಸಿದ್ದ ಟೇಪು ಬಿಟ್ಟುಕೊಂಡಿತ್ತು. ಅಗ್ಗದ ಹಾಗೂ ಮಧ್ಯಮ ಬೆಲೆಯ ಜಾಕೆಟ್‌ಗಳಲ್ಲಿ ಈ ಪದರ ಸಾಮಾನ್ಯವಾಗಿ ಪಾಲಿಯುರೆಥೇನ್‌ನದು, ಮತ್ತು ಅದು ಉಜ್ಜಾಟದಿಂದ ಮಾತ್ರವಲ್ಲ, ತೇವಾಂಶದಿಂದಲೂ ನಿಧಾನವಾಗಿ ಒಡೆಯುತ್ತದೆ. ಕರಾವಳಿಯ ಮನೆಯ ಕಪಾಟಿನಲ್ಲಿ ಒದ್ದೆ ಆರುವ ಮುನ್ನವೇ ಸುರುಳಿ ಸುತ್ತಿಟ್ಟದ್ದು ನನ್ನದೇ ತಪ್ಪು. ಚೀಲದ ಪಟ್ಟಿಯ ಭಾರ ಉಳಿದ ಕೆಲಸ ಮಾಡಿತು. ಆದ್ದರಿಂದ ಹೊರಡುವ ಎರಡು ವಾರ ಮೊದಲೇ ಹೆಗಲು, ಕುತ್ತಿಗೆ ಮತ್ತು ಟೋಪಿಯ ಹೊಲಿಗೆಗಳನ್ನು ಒಳಗಡೆಯಿಂದ ಪರೀಕ್ಷಿಸಿ, ಕೈಗೆ ಅಂಟಂಟಾದರೆ ಅಥವಾ ಪುಡಿ ಉದುರಿದರೆ ಆ ಜಾಕೆಟನ್ನು ನೆಚ್ಚಬೇಡಿ.

ಹಾಗೆಂದು ಒದ್ದೆಯಾದದ್ದೆಲ್ಲ ಸೋರಿಕೆಯಲ್ಲ. ನಲ್ಲಿಯ ಕೆಳಗೆ ಹಿಡಿದಾಗ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿ ಜಾರದೆ ಬಟ್ಟೆಯೊಳಗೆ ಇಂಗಿದರೆ ಹೊರಗಿನ ಲೇಪನ ಮಾತ್ರ ಸೋತಿರಬಹುದು. ಸೌಮ್ಯ ಸೋಪಿನಲ್ಲಿ ಒಗೆದು, ಒಳಗಿನ ಪಟ್ಟಿಯಲ್ಲಿ ಅನುಮತಿಸಿದ್ದರೆ ಸಣ್ಣ ಬಿಸಿಯಲ್ಲಿ ಇಸ್ತ್ರಿ ಮಾಡಿದರೆ, ಇಲ್ಲವೇ ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದರೆ ಅದು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಬಟ್ಟೆ ಮೆದುವಾಗಿಸುವ ದ್ರವವನ್ನು ಮಾತ್ರ ಹಾಕಬಾರದು. ಇನ್ನು, ಬೆವರಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಮಂಜು ಕವಿದ ಘಟ್ಟದಲ್ಲಿ ಅದು ಸಾಧ್ಯವಾಗದೆ, ಎಷ್ಟೇ ದುಬಾರಿ ಜಾಕೆಟ್ ಆದರೂ ಏರುದಾರಿಯಲ್ಲಿ ಮೈ ಒಳಗಿನಿಂದಲೇ ತೊಯ್ಯುತ್ತದೆ. ಕಂಕುಳಲ್ಲಿ ಜಿಪ್ ಇರುವುದನ್ನು ಕೊಳ್ಳಿ ಎಂಬುದು ನನ್ನ ಸಲಹೆ.

ವಾರಂಟಿಯ ಕಥೆ ಬೇರೆಯೇ. ತಯಾರಕರಿಗೆ ಬರೆದಾಗ, ಅವಧಿ ಎರಡು ವರ್ಷವೆಂದೂ, ಟೇಪು ಬಿಡುವುದು ಸಹಜ ಸವೆತವೆಂದೂ, ಏನಿದ್ದರೂ ಬಿಲ್ ಕಳುಹಿಸಬೇಕೆಂದೂ ಉತ್ತರ ಬಂತು. ಬಿಲ್ ಇತ್ತು, ಆದರೆ ಅದರ ಮೇಲಿನ ಅಕ್ಷರಗಳು ಮಾಸಿ ಬಿಳಿ ಚೀಟಿಯಷ್ಟೇ ಉಳಿದಿತ್ತು! ಅಂಗಡಿಯ ಬಿಲ್ಲನ್ನು ಕೊಂಡ ದಿನವೇ ಫೋಟೋ ತೆಗೆದಿಡಿ, ‘ಜೀವಾವಧಿ ವಾರಂಟಿ’ ಎಂದಿದ್ದರೆ ಅದು ನಿಮ್ಮ ಜೀವಾವಧಿಯೋ ಬಟ್ಟೆಯದೋ ಎಂದು ಕೇಳಿಕೊಳ್ಳಿ, ಮತ್ತು ಮೊದಲ ಮಳೆಗಾಲದಲ್ಲೇ ಒಮ್ಮೆ ಜೋರು ಮಳೆಗೆ ಹಾಕಿ ನೋಡಿ, ಏಕೆಂದರೆ ದೋಷ ಅವಧಿಯೊಳಗೆ ಕಾಣಿಸಿಕೊಂಡರೆ ಮಾತ್ರ ವಾದಕ್ಕೆ ಬಲ. ಅಂಗಡಿಯವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಅವಕಾಶವಿದೆ.

ಆ ದಿನ ನಮ್ಮೊಡನೆ ಬಂದಿದ್ದ ಊರಿನ ಗೈಡ್ ದಪ್ಪ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಹಾಕಿಕೊಂಡು ಬೆನ್ನು ತೊಯ್ಯಿಸಿಕೊಳ್ಳದೆ ಇಳಿದರು. ಅಭ್ಯಾಸವಿಲ್ಲದವರಿಗೆ ಆ ಗಾಳಿಯಲ್ಲಿ ಕೊಪ್ಪೆ ಹಿಡಿದು ನಿಲ್ಲುವುದು ಕಷ್ಟ. ನಾನೀಗ ಹೊಸ ಜಾಕೆಟಿನ ಜೊತೆಗೆ ಒಂದು ಉಣ್ಣೆಯ ಅಂಗಿಯನ್ನೂ ಒಂದು ಜೊತೆ ಕಾಲುಚೀಲವನ್ನೂ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೆನ್ನುಚೀಲದ ತಳದಲ್ಲಿ ಇಡುತ್ತೇನೆ.