ಬೆಟಗೇರಿ ಮನೆಯ ಮಗ್ಗ

ಗದಗಕ್ಕೆ ಅಂಟಿಕೊಂಡೇ ಇರುವ ನೇಕಾರರ ಊರು ಬೆಟಗೇರಿ. ಅಲ್ಲಿನ ಅಜ್ಜನ ಮನೆ ಮಾರುವುದು ಪಕ್ಕಾ ಆಯ್ತು. ಸಾಮಾನು ತೆಗೆಯೋಕೆ ಬರ್ರಿ ಅಂತ ಸೋದರಮಾವ ನನಗೂ ಅಕ್ಕನಿಗೂ ಫೋನ್ ಮಾಡಿದ್ದ. ಹುಬ್ಬಳ್ಳಿಯಿಂದ ಗದಗಕ್ಕೆ ಅರವತ್ತು ಕಿಲೋಮೀಟರೂ ಇಲ್ಲ. ಆದರೂ ನಾವಿಬ್ಬರೂ ಆ ಮನೆಗೆ ಹೋಗಿ ಹನ್ನೆರಡು ವರ್ಷ ಆಗಿತ್ತು.

ಪಡಸಾಲೆ ಖಾಲಿಯಾಗಿತ್ತು. ನಾನು ಅಡುಗೆಮನೆ ಬಾಗಿಲ ಹತ್ತಿರ ನಿಂತು, "ಅಜ್ಜನ ಮಗ್ಗ ಇಲ್ಲೇ ಇತ್ತಲ್ಲ" ಅಂದೆ.

"ಅಲ್ಲೆಲ್ಲೋ? ಕಿಡಕಿ ಬಾಜೂಕ ಇತ್ತು. ನೇಯಾಕ ಬೆಳಕ ಬ್ಯಾಡೇನು?" ಅಂದಳು ಅಕ್ಕ.

ಜಗಳ ಶುರುವಾಯ್ತು. ನನ್ನ ಕಣ್ಣಿಗೆ ಎಲ್ಲ ಕಟ್ಟಿದ ಹಾಗಿತ್ತು. ಬೇಸಿಗೆ ಸೂಟಿ, ಮಧ್ಯಾಹ್ನದ ಹೊತ್ತು, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ಅಜ್ಜ, ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಖಟ್ ಖಟ್ ಸದ್ದು. ಅಕ್ಕನ ಹತ್ತಿರ ಇನ್ನೂ ದೊಡ್ಡ ಸಾಕ್ಷಿ ಇತ್ತು. ಎಡಗೈ ತೋರುಬೆರಳಿನ ಮೇಲೆ ಒಂದು ಬಿಳಿ ಗೀಟು. "ಮಗ್ಗದಾಗ ಸಿಕ್ಕಿದ್ದು. ಅಮ್ಮ ಅರಿಶಿಣ ಹಚ್ಚಿದ್ಲು. ನಿನಗೇನ ಗೊತ್ತು, ನೀ ಆವಾಗ ಸಣ್ಣಾವ." ಅಮ್ಮ ಅಂದರೆ ನಮ್ಮ ಅಜ್ಜಿ. ಹೆತ್ತವಳಿಗೆ ನಾವು ಅವ್ವ ಅನ್ನುತ್ತೇವೆ.

ಮಾಮಾ ಹೊರಗೆ ಕಟ್ಟೆ ಮೇಲೆ ಕೂತು ಬದನೆಕಾಯಿ ಬಜ್ಜಿ ತಿನ್ನುತ್ತಿದ್ದ. ಕೈ ಒರೆಸಿಕೊಂಡು ಒಳಗೆ ಬಂದ.

"ಇಬ್ಬರೂ ಸುಮ್ನಿರ್ರಿ. ಈ ಮನ್ಯಾಗ ಮಗ್ಗಾನ ಇರಲಿಲ್ಲ."

ನಾವು ನಕ್ಕೆವು. ಮಾಮಾ ನಗಲಿಲ್ಲ. "ಹಂಗಾದ್ರ ಕುಣಿ ತೋರಸ್ರಿ" ಅಂದ.

ಕುಣಿ ಮಗ್ಗ ಅಂದರೆ ನೆಲದಲ್ಲಿ ತಗ್ಗು ಇರಲೇಬೇಕು. ನೇಕಾರ ಅದರೊಳಗೆ ಕಾಲಿಟ್ಟು ತುಳಿದರೇ ನೂಲು ಮೇಲೆ ಕೆಳಗೆ ಆಗುವುದು. ನಾನು ಕಸಬರಿಗೆ ತಗೊಂಡು ಪಡಸಾಲೆ ಪೂರ್ತಿ ಗುಡಿಸಿದೆ. ಈ ಗೋಡೆಯಿಂದ ಆ ಗೋಡೆವರೆಗೆ ಫರಸಿ ಕಲ್ಲು. ಎಲ್ಲಾ ಒಂದೇ ಅಳತೆ, ಒಂದೇ ಸವೆತ. ಎಲ್ಲೂ ತೇಪೆ ಇಲ್ಲ. ಅಕ್ಕ ಆಮೇಲೆ ಹಾಕಿದ್ದಿರಬೇಕು ಅಂದಳು. ಮನೆ ಕಟ್ಟಿದಾಗಲೇ ಹಾಕಿದ್ದು ಅಂದ ಮಾಮಾ. ಅವ್ವನಿಗೆ ಫೋನ್ ಹಚ್ಚಿದೆವು. "ನಿಮ್ಮಜ್ಜ ಲಾಳಿ ಮುಟ್ಟಿದ್ದನ್ನ ನಾ ಹುಟ್ಟಿದಾಗಿಂದ ನೋಡಿಲ್ಲ. ಮಗ್ಗ ಇದ್ದದ್ದು ಬಾಜೂ ಮನ್ಯಾಗ" ಅಂದಳು. ಸದ್ದು ಬರುತ್ತಿದ್ದದ್ದು ಗೋಡೆಯಾಚೆಯಿಂದ. ಅಜ್ಜ ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುವ ಕೆಲಸ ಮಾಡುತ್ತಿದ್ದ. ಅದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು. ಆದರೆ ಮೊಳೆ ಜೋಡಿಸುವ ಅಜ್ಜ ಬೇರೆ, ಮಗ್ಗದ ಅಜ್ಜ ಬೇರೆ ಅನ್ನುವ ಹಾಗೆ ಇಬ್ಬರೂ ನನ್ನ ತಲೆಯಲ್ಲಿ ಆರಾಮಾಗಿ ಇದ್ದರು.

ನಾಚಿಕೆಯ ಮಾತು ಬೇರೆಯೇ ಇದೆ. ನಾನು ಬಿ.ಇಡಿ. ಕಲಿಯುವವರಿಗೆ ಮನೋವಿಜ್ಞಾನ ಪಾಠ ಮಾಡುವವನು. ಪ್ರತಿ ವರ್ಷ ಬೋರ್ಡಿನ ಮೇಲೆ 'ಸ್ಕೀಮಾ' ಅಂತ ಬರೆಯುತ್ತೇನೆ. ತಲೆಯೊಳಗಿನ ಅಚ್ಚು ಅಂತ ಬಿಡಿಸಿ ಹೇಳುತ್ತೇನೆ. ಆಫೀಸು ಅಂದರೆ ಹೀಗೆ, ಮದುವೆ ಅಂದರೆ ಹೀಗೆ, ಇಂಥ ಊರು ಅಂದರೆ ಹೀಗೆ ಅಂತ ಮೊದಲೇ ತಯಾರಾದ ಅಚ್ಚು. ಅಮೆರಿಕದ ಬ್ರೂಯರ್ ಮತ್ತು ಟ್ರೆಯೆನ್ಸ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಮೆಚ್ಚಿನದು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಒಂದು ಆಫೀಸು ಕೋಣೆಯಲ್ಲಿ 35 ಸೆಕೆಂಡು ಕೂರಿಸಿದರು. ಆಮೇಲೆ ಬೇರೆ ಕೋಣೆಗೆ ಕರೆದು, ಅಲ್ಲಿ ಏನೇನಿತ್ತು ಬರೆಯಿರಿ ಅಂದರು. ಮೇಜು, ಕುರ್ಚಿ ಬಹುತೇಕ ಎಲ್ಲರಿಗೂ ನೆನಪಿತ್ತು. ಅಲ್ಲಿದ್ದ ತಲೆಬುರುಡೆಯನ್ನು ಬರೆದವರು ಕಡಿಮೆ. ಆದರೆ ಕೆಲವರು ಪುಸ್ತಕಗಳಿದ್ದವು ಅಂತ ಬರೆದರು. ಆ ಕೋಣೆಯಲ್ಲಿ ಪುಸ್ತಕವೇ ಇರಲಿಲ್ಲ. ಇಷ್ಟು ಹೇಳಿದ ಮೇಲೆ ಕ್ಲಾಸು ನಗುತ್ತದೆ, ನಾನೂ ನಗುತ್ತೇನೆ. ನನ್ನ ತಲೆಯ ಪಡಸಾಲೆಯಲ್ಲಿ ಇಲ್ಲದ ಮಗ್ಗವೊಂದು ಮೂವತ್ತು ವರ್ಷದಿಂದ ನೇಯುತ್ತಾ ಕೂತಿತ್ತು ನೋಡಿ!

ಎಲ್ಲಿಂದ ಬಂತು ಅದು? ಸಂಜೆ ಬಸ್ಸಲ್ಲಿ ವಾಪಸ್ ಬರುವಾಗ ಯೋಚಿಸಿದೆ. ಹುಬ್ಬಳ್ಳಿ ಶಾಲೆಯಲ್ಲಿ ಅಜ್ಜನ ಊರು ಬೆಟಗೇರಿ ಅಂದರೆ ಸಾಕು, "ಹೌದಾ, ನೇಕಾರರೇನು?" ಅಂತ ಕೇಳುತ್ತಿದ್ದರು. ಒಂದಿನ ಹೂಂ ಅಂದಿರಬೇಕು. ಆಮೇಲೆ ಗೆಳೆಯರಿಗೆ ಹೇಳಿದೆ, ಹೆಂಡತಿಗೆ ಹೇಳಿದೆ, ಮಗಳಿಗಂತೂ ಮಲಗಿಸುವಾಗ ಎಷ್ಟು ಸಲವೋ. ಕೇಂಬ್ರಿಡ್ಜಿನ ಮನೋವಿಜ್ಞಾನಿ ಬಾರ್ಟ್‌ಲೆಟ್ 1932ರಲ್ಲೇ ಇದನ್ನು ಬರೆದಿದ್ದ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲೆಂಡಿನ ಜನರಿಗೆ ಓದಲು ಕೊಟ್ಟು, ಮತ್ತೆ ಮತ್ತೆ ನೆನಪಿಸಿಕೊಂಡು ಬರೆಯಿರಿ ಅಂದಿದ್ದ. ಬರೆಯುತ್ತಾ ಹೋದ ಹಾಗೆ ಕಥೆಯ ಕನೂ, ಅಂದರೆ ಆ ಜನರ ಕಿರಿದಾದ ದೋಣಿ, ಬರೀ ಬೋಟಾಯಿತು, ಸೀಲ್ ಅನ್ನುವ ಕಡಲಪ್ರಾಣಿಯ ಬೇಟೆ ಮೀನು ಹಿಡಿಯುವುದಾಯಿತು. ಅವರು ಸುಳ್ಳು ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದದ್ದಕ್ಕೆ ಹೊಂದಿಸಿಕೊಂಡರು, ಅಷ್ಟೇ.

ಮಧ್ಯಾಹ್ನ ಮಾಮಾ ಅಟ್ಟದಿಂದ ಒಂದು ಕಟ್ಟಿಗೆ ತಟ್ಟೆ ಇಳಿಸಿದ. ಅಗಲವಾಗಿತ್ತು, ಒಳಗೆ ಹತ್ತಾರು ಖಾನೆ. "ಅಮ್ಮನ ಮಸಾಲಿ ಡಬ್ಬಿ!" ಅಂತ ನಾನೂ ಅಕ್ಕನೂ ಒಟ್ಟಿಗೆ ಕೂಗಿದೆವು. ಈ ಸಲವಾದರೂ ಒಂದೇ ಮಾತು. ಅಮ್ಮ ಅದರಲ್ಲಿ ಜೀರಿಗೆ, ಸಾಸಿವೆ, ಅಜವಾನ ಇಡುತ್ತಿದ್ದದ್ದು ಖರೆ. ಮೂಸಿ ನೋಡಿದರೆ ಅಜವಾನದ ವಾಸನೆ ಇನ್ನೂ ಇತ್ತು. ಆದರೆ ಖಾನೆಗಳು ಒಂದೊಂದು ಒಂದೊಂದು ಅಳತೆ. ಮಸಾಲೆಗೆ ಯಾಕೆ ಹಾಗೆ?

"ಮೊಳಿ ಖಾನಿ ಅದು. ಜಾಸ್ತಿ ಬರೂ ಅಕ್ಷರಕ್ಕ ದೊಡ್ಡ ಖಾನಿ, ಅಪರೂಪದ್ದಕ್ಕ ಸಣ್ಣದು" ಅಂದ ಮಾಮಾ. ಪ್ರತಿ ಸೂಟಿಯಲ್ಲೂ ಅದು ನಮ್ಮ ಕಣ್ಣೆದುರೇ ಇತ್ತು. ಅಡುಗೆಮನೆಯಲ್ಲಿತ್ತಲ್ಲ, ಮಸಾಲೆ ಡಬ್ಬಿಯಾಗಿಬಿಟ್ಟಿತ್ತು.

ಮಾಮಾ ಇನ್ನೊಂದು ಮಾತು ಹೇಳಿದ. ಅಜ್ಜ ಪ್ರೂಫ್ ತಿದ್ದುವಾಗ ಸಾಲನ್ನು ಕೊನೆಯಿಂದ ಹಿಂದಕ್ಕೆ ಓದುತ್ತಿದ್ದನಂತೆ. ನೆಟ್ಟಗೆ ಓದಿದರೆ ಅರ್ಥ ಸಿಗುತ್ತದೆ, ಅರ್ಥ ಸಿಕ್ಕರೆ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ ಅನ್ನುತ್ತಿದ್ದನಂತೆ. ಆ ಅಜ್ಜನನ್ನು ನಾನು ಕ್ಲಾಸಿಗೆ ಒಂದು ದಿನವೂ ಕರೆದುಕೊಂಡು ಹೋಗಿರಲಿಲ್ಲ.

ಸಂಜೆ ಬಸ್ಸು ಹತ್ತಿದೆವು. ಖಾನೆ ನನ್ನ ತೊಡೆ ಮೇಲಿತ್ತು. ಅಣ್ಣಿಗೇರಿ ದಾಟುವ ತನಕ ಅಕ್ಕ ಮಾತಾಡಲಿಲ್ಲ. ಆಮೇಲೆ ಎಡಗೈ ಬೆರಳನ್ನು ಕಿಟಕಿ ಬೆಳಕಿಗೆ ಹಿಡಿದು ಕೇಳಿದಳು:

"ಹಂಗಾದ್ರ ಇದೆಲ್ಲಿ ಆತೋ?"