ಯಾಂಗ್‌ಹ್ವೆ: ಇನ್ಲೆ ದಂಡೆಯ ಸಂಸ್ಥಾನ

ಮ್ಯಾನ್ಮಾರಿನ ಇನ್ಲೆ ಸರೋವರಕ್ಕೆ ಬರುವ ನಮ್ಮವರು ಕಾಲಿನಿಂದ ಹುಟ್ಟು ಹಾಕುವ ಅಂಬಿಗರನ್ನು ನೋಡಿ ಹೊರಟುಬಿಡುತ್ತಾರೆ. ದೋಣಿ ಹತ್ತುವ ನ್ಯಾಂಗ್‌ಶ್ವೆಯಲ್ಲೇ ಅರಮನೆಯೊಂದಿದೆ. ಈ ದೇಶದ ಅಂತರ್ಯುದ್ಧದ ಒಂದು ಬೇರು ಅಲ್ಲಿದೆ. ಬ್ರಿಟಿಷರ ಕಡತಗಳಲ್ಲಿ ಈ ಊರು ಯಾಂಗ್‌ಹ್ವೆ. ಈಗಿನ ಹೆಸರಿನಲ್ಲೇ ಹುಡುಕುತ್ತ ಕೂತರೆ ಹಳೆಯ ದಾಖಲೆ ಸಿಗುವುದು ಕಷ್ಟ.

ಮ್ಯಾನ್ಮಾರಿನ ಪೂರ್ವದ ಬೆಟ್ಟಸೀಮೆಯ ಶಾನ್ ಜನರ ಅರಸರಿಗೆ ಸಾಬ್ವಾ ಎನ್ನುತ್ತಾರೆ. ಬ್ರಿಟಿಷರು ನಮ್ಮ ಕಡೆಯ ರಾಜರಿಗೆ ಕೊಟ್ಟಂತೆ ಇವರಿಗೂ ಸನದು ಕೊಟ್ಟರು: ಕಂದಾಯ ವಸೂಲಿ, ನ್ಯಾಯದಾನ ಅರಸನಿಗೆ, ಕಾಡು, ಗಣಿ ಸರ್ಕಾರಕ್ಕೆ, ಮೇಲೆ ಕಪ್ಪ ಬೇರೆ. 1894ರಲ್ಲಿ ಬ್ರಿಟಿಷರ ಆಡಳಿತ ಕೇಂದ್ರ ಸರೋವರದ ದಂಡೆಯಿಂದ ತೌಂಜಿ ಬೆಟ್ಟಕ್ಕೆ ಹೋಯಿತು. ಅದು ಯಾಂಗ್‌ಹ್ವೆಯದೇ ನೆಲ, ಆದರೂ ಅಲ್ಲಿ ಅರಸನ ಮಾತು ನಡೆಯುತ್ತಿರಲಿಲ್ಲ. 1922ರಲ್ಲಿ ಶಾನ್ ಸಂಸ್ಥಾನಗಳ ಒಕ್ಕೂಟವಾಯಿತು.

1927ರಲ್ಲಿ ಯಾಂಗ್‌ಹ್ವೆಯ ಪಟ್ಟಕ್ಕೆ ಬಂದ ಸಾವ್ ಶ್ವೆ ಥೈಕ್, 1947ರ ಫೆಬ್ರವರಿ 12ರ ಪಾಂಗ್ಲಾಂಗ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು. ಶಾನರು ಬರ್ಮಾದ ಜತೆ ಸೇರಿದ್ದು ಆ ಒಪ್ಪಂದದ ಮೇಲೆ. ಹತ್ತು ವರ್ಷದ ನಂತರ ಬೇಕಾದರೆ ಹೊರಹೋಗುವ ಹಕ್ಕನ್ನೂ ಅದೇ ವರ್ಷದ ಸಂವಿಧಾನ ಬರೆದುಕೊಟ್ಟಿತು. 1948ರ ಜನವರಿ 4ರಂದು ಸ್ವತಂತ್ರ ಬರ್ಮಾದ ಮೊದಲ ರಾಷ್ಟ್ರಪತಿಯಾದವರೂ ಇವರೇ.

ಇಲ್ಲೊಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಸಂಸ್ಥಾನಗಳನ್ನು ರದ್ದು ಮಾಡಿದ್ದು 1962ರ ಸೇನಾದಂಗೆ ಎಂದು ಹಲವರು ಬರೆಯುತ್ತಾರೆ. ಅಲ್ಲ. 1959ರ ಏಪ್ರಿಲ್‌ನಲ್ಲಿ ತೌಂಜಿಯಲ್ಲಿ ಸಾಬ್ವಾಗಳೇ ಪರಿಹಾರ ಪಡೆದು, ವಂಶಪಾರಂಪರ್ಯದ ಅಧಿಕಾರ ಬಿಟ್ಟುಕೊಟ್ಟು ಸಹಿ ಹಾಕಿದ್ದರು. ಮೂರು ವರ್ಷದ ಮೇಲೆ ಸೈನ್ಯ ಬಂದಾಗ ಕಸಿಯಲು ಗದ್ದುಗೆ ಉಳಿದಿರಲಿಲ್ಲ. ಆದರೂ 1962ರ ಮಾರ್ಚ್ 2ರಂದು ಸಾವ್ ಶ್ವೆ ಥೈಕ್ ಅವರ ರಂಗೂನಿನ ಮನೆಗೆ ಸೈನಿಕರು ನುಗ್ಗಿದರು. 17 ವರ್ಷದ ಮಗ ಗುಂಡಿಗೆ ಬಲಿಯಾದ. ತಂದೆ ಅದೇ ನವೆಂಬರ್‌ನಲ್ಲಿ ಸೆರೆಯಲ್ಲೇ ತೀರಿಕೊಂಡರು. ಇದು ದೊಡ್ಡ ಅನ್ಯಾಯ. ರಾಣಿ ಸಾವ್ ನಾಂಗ್ ಹರ್ನ್ ಖಾಮ್ ಥಾಯ್ಲೆಂಡಿಗೆ ಪಾರಾಗಿ, 1964ರಲ್ಲಿ ಶಾನ್ ಸೈನ್ಯ ಕಟ್ಟಲು ಮುಂದೆ ನಿಂತರು.

ಅರಮನೆ ಈಗ ವಸ್ತುಸಂಗ್ರಹಾಲಯ. ಕೆಳಗೆ ಇಟ್ಟಿಗೆ, ಮೇಲೆ ತೇಗ, ಮಾಡು ಮಂಡಲೆ ಅರಮನೆಯ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಮಂಡಲೆಯದು 1945ರ ಯುದ್ಧದಲ್ಲಿ ಸುಟ್ಟುಹೋಗಿ ಈಗಿರುವುದು ಹೊಸದಾಗಿ ಕಟ್ಟಿದ್ದು. ಆ ಶೈಲಿಯ ಹಳೆಯ ಮರಗೆಲಸವನ್ನು ಇಲ್ಲಿ ನೋಡಬಹುದು. ಸೋಮವಾರ ಬಾಗಿಲು ಹಾಕಿರುತ್ತದೆ. ಹೆಹೋ ವಿಮಾನ ನಿಲ್ದಾಣದಿಂದ ಶ್ವೆನ್ಯಾಂಗ್ ಕೂಡುರಸ್ತೆಗೆ ಬಂದು ದಕ್ಷಿಣಕ್ಕೆ ತಿರುಗಿದರೆ ಊರು ಸಿಗುತ್ತದೆ.