ಟ್ರಂಕಿನಲ್ಲಿರುವ ದೊಡ್ಡಾಟದ ಕ್ಯಾಸೆಟ್ಟು ಹಾಕುವ ಮುಂಚೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಹಿರಿಯರ ಮುಂದೆ ರಾತ್ರಿಯಿಡೀ ಆಡುವ ಬಯಲಾಟವಾದ ದೊಡ್ಡಾಟದ ಮಾತು ತೆಗೆದರೆ ಸಾಕು, "ಆ ವರ್ಷದ ಆಟ ಟೇಪ್ ಮಾಡಿದ್ವಿ ನೋಡ್ರೀ" ಅನ್ನುತ್ತಾ ಟ್ರಂಕು ತೆರೆಯುತ್ತಾರೆ. ಮನೆಯ ಹುಡುಗರು ಕ್ಯಾಸೆಟ್ಟನ್ನು ಸಿಕ್ಕ ಸೆಟ್ಟಿಗೆ ತುರುಕಿ ಪ್ಲೇ ಒತ್ತುತ್ತಾರೆ. ಎಷ್ಟೋ ವರ್ಷ ಅಲುಗಾಡದೆ ಉಳಿದ ರೀಲು ಹಾಳಾಗುವುದು ಹೆಚ್ಚಾಗಿ ಆಗಲೇ.

ಮೊದಲು ಕ್ಯಾಸೆಟ್ಟಿನ ಬೆನ್ನ ಮೇಲಿನ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಆಮೇಲೆ ರೀಲು ಕಾಣುವ ಬಾಯಿಯಲ್ಲಿ, ತೆಳು ತಗಡಿಗೆ ಅಂಟಿದ ಪ್ಯಾಡ್ ಇದೆಯೇ ನೋಡಿ. ನಮ್ಮ ಬೇಸಿಗೆಗೆ ಅದರ ಅಂಟು ಒಣಗಿ ಉದುರಿರುತ್ತದೆ. ಪ್ಯಾಡ್ ಇಲ್ಲದಿದ್ದರೆ ರೀಲು ಸೆಟ್ಟಿನ ಹೆಡ್ಡಿಗೆ (ದನಿ ಓದುವ ಭಾಗಕ್ಕೆ) ಒತ್ತಿ ಕೂರುವುದಿಲ್ಲ, ದನಿ ಮಂಕಾಗಿ ಬಂದು ಬಂದು ಹೋಗುತ್ತದೆ. ಆಗ ಎರಡೂ ಸುರುಳಿಗಳನ್ನು ಸ್ಕ್ರೂ ಇರುವ ಬೇರೆ ಡಬ್ಬಿಗೆ ದಾಟಿಸಿ. ಅಂಟಿಸಿದ ಡಬ್ಬಿಯನ್ನು ಬ್ಲೇಡಿನಿಂದ ಜೋಡಿನ ಗುಂಟ ಬಿಡಿಸಬೇಕು.

60, 90 ನಿಮಿಷದ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ, ಬಿಗಿದ ಸುತ್ತು ಸಡಿಲವಾಗಲಿ. 120 ನಿಮಿಷದ್ದನ್ನು ಮಾತ್ರ ಪೆನ್ಸಿಲ್ ಹಾಕಿ ಕೈಯಿಂದಲೇ ಸುತ್ತಿ. ಅದರ ರೀಲು ಸುಮಾರು 9 ಮೈಕ್ರಾನ್ ದಪ್ಪ, 60ರದ್ದರ ಅರ್ಧ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಹಳೆ ರೀಲು ಕಂದು ಪುಡಿ ಬಿಡುತ್ತದೆ, ಹಾಗಾಗಿ ಎರಡು ಮೂರು ಕ್ಯಾಸೆಟ್ಟಿಗೊಮ್ಮೆ ಇದು ಬೇಕೇ ಬೇಕು.

ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಅದರ ಓರೆ ಸರಿಪಡಿಸುತ್ತದೆ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವ ಪ್ರಸಂಗ ಕಡಿಮೆ. ಇಲ್ಲಿ ಪೇಟಿಯ (ಹಾರ್ಮೋನಿಯಂನ) ದನಿ ಕೇಳುತ್ತಾ ಕೂತರೆ ಏನೂ ಗೊತ್ತಾಗದು. ತಾಳದ ಕಿಣಿಕಿಣಿ ಯಾವಾಗ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ.

ಇನ್ನು ಆಟ ಮುದ್ರಿಸಿದ ಟೇಪ್ ರೆಕಾರ್ಡರಿನ ಸೆಲ್ಲಿನ ಕಾಟ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಆರಕ್ಕೆ ಮುಗಿಯುವ ಆಟಕ್ಕೆ 90 ನಿಮಿಷದ ಆರು ಕ್ಯಾಸೆಟ್ಟು ಬೇಕು. ಅಷ್ಟು ಹೊತ್ತಿಗೆ ಸೆಲ್ಲು ಸೋತು ಮೋಟಾರು ನಿಧಾನವಾಗಿರುತ್ತದೆ. ನಿಧಾನವಾಗಿ ಮುದ್ರಿಸಿಕೊಂಡದ್ದು ಇವತ್ತು ಸರಿಯಾದ ವೇಗದಲ್ಲಿ ಓಡಿದಾಗ ದನಿ ಏರುತ್ತದೆ, ಭೀಮನ ಪಾತ್ರಧಾರಿ ಹುಡುಗನ ಹಾಗೆ ಕೂಗುತ್ತಾನೆ. ಇದಕ್ಕೆ ಪೇಟಿಯೇ ಸಾಕ್ಷಿ, ಅದರ ಸ್ವರ ಒಂದು ರಾತ್ರಿಯಲ್ಲಿ ಬದಲಾಗುವುದಿಲ್ಲ. ಪೇಟಿಯ ಮನೆಗಳಲ್ಲಿ ಕರಿ ಒಂದರಲ್ಲಿ ಶುರುವಾದ ಹಾಡು ನಡುನಡುವೆ ಮೆಲ್ಲಗೆ ಅರ್ಧಸ್ವರ ಮೇಲಿನ ಬಿಳಿ ಎರಡಕ್ಕೆ ಜರುಗಿದ್ದರೆ ಅದು ಸೆಲ್ಲಿನ ತಪ್ಪು. ಹಾಡು ಮುಗಿದು ಮುಂದಿನದು ಒಮ್ಮೆಲೇ ಮೇಲಿನಿಂದ ಎದ್ದರೆ ಪೇಟಿ ಮಾಸ್ತರರೇ ಪಟ್ಟಿ (ಶ್ರುತಿ) ಬದಲಿಸಿದ್ದಾರೆ, ಅದನ್ನು ಮುಟ್ಟಬೇಡಿ. ಒಂದು ಅರ್ಧಸ್ವರ ಏರಿದ್ದರೆ ಕಂಪ್ಯೂಟರಿನಲ್ಲಿ ವೇಗವನ್ನು ಸುಮಾರು 5.6 ಪ್ರತಿಶತ ಇಳಿಸಿ. ಸ್ವರ ಮಾತ್ರ ಇಳಿಸಿದರೆ ತಾಳ ಓಡುತ್ತಲೇ ಇರುತ್ತದೆ, ವೇಗವೇ ಇಳಿಯಬೇಕು. ಏರಿಕೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಐದೈದು ನಿಮಿಷದ ತುಂಡು ಮಾಡಿಕೊಂಡು ಸರಿಪಡಿಸುವುದು ಲೇಸು.

ಕಂಪ್ಯೂಟರಿಗೆ ತುಂಬಿಸುವಾಗ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಗಟ್ಟಿ ದನಿ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ಎಂಪಿ3 ವಾಟ್ಸಾಪಿಗೆ ಸಾಕು, ಇಟ್ಟುಕೊಳ್ಳಲು ಬೇಡ. ಗೊರಗೊರ ತೆಗೆಯುವ ಫಿಲ್ಟರು ಗೆಜ್ಜೆ, ತಾಳಗಳನ್ನೂ ನುಂಗುತ್ತದೆ. ಹಾಕಲೇಬೇಕಿದ್ದರೆ ಮೂಲ ಫೈಲಿಗಲ್ಲ, ನಕಲಿಗೆ ಹಾಕಿ.

ಆಟದ ನಡುವಿನ ಆಯೇರಿ (ಉಡುಗೊರೆ) ಕೂಗನ್ನು ಬೇಸರವೆಂದು ಕತ್ತರಿಸುವವರು ಬಹಳ. ಅಲ್ಲೇ ಊರು, ಮನೆತನ, ಯಾರ ಮಗನ ಪಾತ್ರಕ್ಕೆ ಯಾರು ಕೊಟ್ಟರು ಎಂಬುದೆಲ್ಲ ಇರುತ್ತದೆ. ಲೇಬಲ್ ಹರಿದ ಕ್ಯಾಸೆಟ್ಟಿನ ವರ್ಷ ಹಿಡಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಹಿರಿಯರಿಗೆ ಕೇಳಿಸುವಾಗ ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ. "ಆಗಿನ ಕಾಲ ಹೆಂಗಿತ್ತಜ್ಜಾ?" ಅಂದರೆ "ಭಾಳ ಚಲೋ ಇತ್ತಪ್ಪ" ಅಂತ ಮುಗಿಸುತ್ತಾರೆ. "ಈ ಸಾರಥಿ ಯಾರು, ಮದ್ದಳೆ ಯಾರ ಕೈಯಿ, ಹೆಣ್ಣು ಪಾತ್ರ ಯಾರು ಕಟ್ಟಿದ್ರು?" ಅಂತ ಕೇಳಿ. ಸಾರಥಿಯೆಂದರೆ ಆಟದಲ್ಲಿ ಪಾತ್ರಗಳನ್ನು ಮಾತಿಗೆಳೆಯುವವನು. ಎರಡು ಮೂರು ಮಂದಿಯನ್ನು ಒಟ್ಟಿಗೆ ಕೂರಿಸಿದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಾರೆ, ಜಗಳವೂ ಆಗುತ್ತದೆ. ಆ ಜಗಳವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಯಾವ ಕ್ಯಾಸೆಟ್ಟಿನ ಎಷ್ಟನೇ ನಿಮಿಷದ ಮಾತೆಂದು ಫೈಲಿನ ಹೆಸರಿನಲ್ಲೇ ಬರೆದಿಡಿ.